ಫಿಕ್ರಿ ಸಾಹೇಬರು ಡಿಸ್ಕ್ ಮುಚ್ಚಿದ ಪ್ರಸಂಗ

ನಮ್ಮ ಗಲ್ಲಿಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಯಾವುದಾದರೂ ಇದ್ದರೆ ಅದು ಫಿಕ್ರಿ ಸಾಹೇಬರಿಗೆ ಗೊತ್ತಿರುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯಗಳಲ್ಲಿ ಮಾತ್ರ ಅವರು ಸ್ವಲ್ಪ ಹಿಂದೆ. ನಾನು ನಮ್ಮ ಈ ತಾಂತಾ ಊರಿನ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಅವರ ಕೆಳಗಿನ ಮನೆಯಲ್ಲಿ, ನಾಲ್ಕನೇ ಮಹಡಿಯಲ್ಲಿ, ಇಪ್ಪತ್ತೆಂಟು ವರ್ಷದಿಂದ ಇದ್ದೇನೆ. ಐದನೇ ಮಹಡಿಯಿಂದ ಅವರ ಹೆಂಡತಿ ಇನ್ಶಿರಾಹ್ ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿ ನನ್ನ ಕಿಟಕಿಯ ಮುಂದೆಯೇ ಇಳಿದು, ನನ್ನ ಕಿಟಕಿಯ ಮುಂದೆಯೇ ಏರುತ್ತದೆ. ಹಾಗಾಗಿ ಆ ಮನೆಯ ಸಂಗತಿಗಳ ಬಗ್ಗೆ ನಾನು ಹೇಳುವುದನ್ನು ನೀವು ನಂಬಬಹುದು.

ಸಾಹೇಬರು ಮೂವತ್ತೊಂದು ವರ್ಷದಿಂದ ಒಂದು ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಗುಮಾಸ್ತರು. ಈ ಮೂವತ್ತೊಂದು ವರ್ಷದಲ್ಲಿ ಅವರು ಒಂದೇ ಒಂದು ಕಡತವನ್ನೂ ಮುಚ್ಚಿಲ್ಲ. ಅದು ಸೋಮಾರಿತನವಲ್ಲ, ಸಿದ್ಧಾಂತ. ಮುಚ್ಚಿದ ಕಡತಕ್ಕೆ ಮುಚ್ಚಿದವನೇ ಹೊಣೆ, ತೆರೆದಿರುವ ಕಡತಕ್ಕೆ ಯಾರೂ ಹೊಣೆಯಲ್ಲ ಎಂಬುದನ್ನು ಅವರು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಂಡುಕೊಂಡಿದ್ದರು. ಬೇರೆಯವರ ಮೇಲೆ ವಿಚಾರಣೆಗಳು ನಡೆದವು, ಅವರಿಗೆ ವರ್ಗಾವಣೆಗಳಾದವು. ಸಾಹೇಬರ ಮೈಮೇಲೆ ಒಂದು ಗೀರೂ ಬೀಳಲಿಲ್ಲ.

ಇಂಥವರ ಕೈಗೆ ಒಂದು ಲ್ಯಾಪ್‌ಟಾಪ್ ಬಂತು. ಅದಕ್ಕೆ ಡಿಸ್ಕ್ ಹಾಕುವ ಬಾಯಿ ಇರಲಿಲ್ಲವಾದ್ದರಿಂದ ಹೊರಗಿನಿಂದ ಜೋಡಿಸುವ ಡ್ರೈವ್ ಒಂದನ್ನು ಕೊಂಡು ತಂದರು. ಅಂಗೈಯಗಲದ ಕಪ್ಪು ಪೆಟ್ಟಿಗೆ. ಇನ್ಶಿರಾಹ್ ಅದಕ್ಕೂ ಟೆಲಿಫೋನಿಗೆ ಹೆಣೆದ ಹಾಗೆಯೇ ಬಿಳಿ ದಾರದ ಕವಚ ಹೆಣೆದಳು. ಪೆಟ್ಟಿಗೆಯ ಜೊತೆ ಬಂದ ಚಿಕ್ಕ ಪುಸ್ತಕವನ್ನು ಸಾಹೇಬರು ಒಂದು ವಾರ ಓದಿದರು. ಎಂಟನೇ ದಿನ ಕಾಫಿ ಅಂಗಡಿಯಲ್ಲಿ ಕೂತು, ಒಮ್ಮೆ ಬರೆಯುವ ಡಿಸ್ಕ್ ಯಾವುದು, ಅಳಿಸಿ ಬರೆಯುವುದು ಯಾವುದು, ಪ್ಲಸ್ ಯಾವುದು, ಮೈನಸ್ ಯಾವುದು, ಎರಡು ಪದರದ್ದು ಯಾವುದು ಎಂದು ಉಪನ್ಯಾಸ ಶುರು ಮಾಡಿದರು. ಡೊಮಿನೊ ಆಡುವವರು ಆಟ ನಿಲ್ಲಿಸಲಿಲ್ಲ, ಆದರೆ ಅಂದಿನಿಂದ ಅವರನ್ನು ‘ಇಂಜಿನಿಯರ್ ಸಾಹೇಬ್ರೇ’ ಎಂದು ಕರೆಯತೊಡಗಿದರು. ಇಷ್ಟು ಸಾಕಾಯಿತು, ಮುಂದಿನ ಅನಾಹುತಕ್ಕೆ.

ಇನ್ಶಿರಾಹಳ ಅಣ್ಣ ಹಾಜಿ ಮೆತ್ವಲ್ಲಿ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಉಪ್ಪಿನಕಾಯಿ ಅಂಗಡಿ ಇಟ್ಟು, ಅದರ ಮೇಲಿನ ಮಹಡಿಯಲ್ಲಿ ವಾಸವಾಗಿರುವವರು. ಅವರ ಮಗಳು ರಬಾಬಳನ್ನು ಎದುರು ಮನೆಯ ಸಾಮೆಹನಿಗೆ ಕೊಟ್ಟು ಗಲ್ಲಿಯಲ್ಲೇ ಡೇರೆ ಹಾಕಿಸಿ ಮದುವೆ ಮಾಡಿದರು. ಎರಡು ಮನೆಗಳ ನಡುವೆ ಹದಿನಾಲ್ಕು ಹೆಜ್ಜೆ. ಮದುವೆಯ ವಿಡಿಯೊ ಚಿತ್ರ ತೆಗೆದವನು ಡಿಸ್ಕ್ ಮಾಡಿಕೊಡುತ್ತೇನೆ ಅಂದ. ಇಂಜಿನಿಯರ್ ಮನೆಯಲ್ಲೇ ಇರುವಾಗ ಹೊರಗಿನವನಿಗ್ಯಾಕೆ ಕೆಲಸ ಎಂದು ಸಾಹೇಬರು ಚಿತ್ರವನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡರು. ಅವನು ಮುಂದಿನ ಮದುವೆಗೆಂದು ತನ್ನ ಕ್ಯಾಮರಾ ಖಾಲಿ ಮಾಡಿಕೊಂಡು ಹೊರಟುಹೋದ. ಸಾಹೇಬರು ಮೈನಸ್ ಡಿಸ್ಕ್ ತೆಗೆದರೆ, ಶುಭಕಾರ್ಯಕ್ಕೆ ಮೈನಸ್ ಯಾಕೆ, ಮಗಳ ಬದುಕು ಮೈನಸ್ ಆಗೋದು ಬೇಡ ಎಂದು ಮೆತ್ವಲ್ಲಿಯ ಹೆಂಡತಿ ಹಟ ಹಿಡಿದಳು. ಸರಿ, ಪ್ಲಸ್ ಡಿಸ್ಕಿಗೆ ಬರೆದದ್ದಾಯಿತು. ಮೊದಲ ಎರಡು ನಿಮಿಷ ಹಾಕಿ ನೋಡಿದರು, ಚೆನ್ನಾಗಿ ಬಂತು. ಡಿಸ್ಕ್ ನೂರು ವರ್ಷ ಬಾಳುತ್ತದೆ ಎಂದು ಪುಸ್ತಕದಲ್ಲಿ ಬರೆದಿದೆ ಎಂದು ಹೇಳಿ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದರು.

ಹೀಗೆ ಇಡೀ ಲೋಕದಲ್ಲಿ ಆ ಮದುವೆಗೆ ಉಳಿದದ್ದು ಒಂದೇ ಡಿಸ್ಕ್.

ಮದುವೆಯಾಗಿ ಹನ್ನೆರಡನೇ ದಿನ ಜಗಳ ಬಿತ್ತು. ಸಾಮೆಹನ ಅಜ್ಜಿ ತೌಹೀದಾ, ಎಂಬತ್ತೊಂದು ವರ್ಷದ ಹೆಂಗಸು, ನಮ್ಮ ಗಲ್ಲಿಯ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು. ಊಟಕ್ಕೆ ಕೂತಾಗ ಆಕೆ, ಮದುವೆಯ ದಿನ ನಾನು ಡೇರೆಯೊಳಗೆ ಬಂದರೆ ನಿನ್ನಪ್ಪ ಎದ್ದು ನಿಲ್ಲಲೂ ಇಲ್ಲ, ಕೈ ಕೊಡಲೂ ಇಲ್ಲ, ಅವನ ಅಂಗಡಿಯ ಪೀಪಾಯಿ ಹಾಗೆ ಕೂತಿದ್ದ ಅಂದಳು. ರಬಾಬ್, ನಮ್ಮಪ್ಪ ಎದ್ದಿದ್ರು ಅಂದಳು. ಹಾಗಾದ್ರೆ ನಾನು ಸುಳ್ಳಿಯಾ ಅಂದಳು ಅಜ್ಜಿ. ರಬಾಬ್ ಬಟ್ಟೆ ಗಂಟು ಕಟ್ಟಿ ಹದಿನಾಲ್ಕು ಹೆಜ್ಜೆ ನಡೆದು ಸಿಟ್ಟಿನಿಂದ ತವರಿಗೆ ಬಂದು ಕೂತಳು.

ಹಾಜಿ ಮೆತ್ವಲ್ಲಿ, ಮುದುಕಿ ‘ಎದ್ದಿದ್ದ’ ಅನ್ನೋವರೆಗೂ ಮಗಳನ್ನು ಕಳಿಸಲ್ಲ ಎಂದು ಆಣೆ ಹಾಕಿದರು. ಅಜ್ಜಿ, ಎದ್ದದ್ದನ್ನು ಕಣ್ಣಾರೆ ನೋಡೋವರೆಗೂ ಆ ಹುಡುಗಿಯ ಕೈಯ ಚಹಾ ಕುಡಿಯಲ್ಲ ಎಂದು ಆಣೆ ಹಾಕಿದಳು. ಮಧ್ಯೆ ಸಿಕ್ಕಿಬಿದ್ದವನು ಸಾಮೆಹ್. ಅವನು ಕುವೈತಿನಲ್ಲಿ ಏಸಿ ರಿಪೇರಿ ಮಾಡುವವನು. ರಜೆ ಮುಗಿದು ಬರುವ ಸೋಮವಾರ ಹೊರಡಬೇಕು, ಮತ್ತೆ ಬರುವುದು ಒಂದು ವರ್ಷಕ್ಕೆ. ಆ ಬಾಲ್ಕನಿಯಲ್ಲಿ ಅವನು, ಈ ಬಾಲ್ಕನಿಯಲ್ಲಿ ಇವಳು, ನಡುವೆ ಒಣಹಾಕಿದ ಚಡ್ಡಿ ಬನಿಯನ್ನುಗಳು. ಒಗೆಯಲು ಬಟ್ಟೆ ಮುಗಿದ ಮೇಲೂ ಆ ಹುಡುಗಿ ಒಣಗಿದ್ದನ್ನೇ ಮತ್ತೆ ನೆನೆಸಿ ತಂದು ಹರವುತ್ತಿದ್ದಳು.

ಇದೇನು ದೊಡ್ಡ ವಿಷಯ, ಡಿಸ್ಕ್ ಇದೆಯಲ್ಲ, ನೋಡಿಕೊಳ್ಳಲಿ ಅಂದರು ಫಿಕ್ರಿ ಸಾಹೇಬರು. ಬುಟ್ಟಿಯಲ್ಲಿ ಡಿಸ್ಕ್ ಇಳಿಯಿತು. ಗಲ್ಲಿ ದಾಟಿ ಅಜ್ಜಿಯ ಮನೆ ಸೇರಿತು. ಅಜ್ಜಿಯ ಮನೆಯ ಪ್ಲೇಯರ್ ಅದನ್ನು ಎರಡು ಸುತ್ತು ತಿರುಗಿಸಿ, ಇದರಲ್ಲಿ ಏನೂ ಇಲ್ಲ ಎಂದು ಹೇಳಿಬಿಟ್ಟಿತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪಕ್ಕದ ಮನೆಯಿಂದ ತಟ್ಟೆಯಲ್ಲಿ ಏನಾದರೂ ಬಂದರೆ ಆ ತಟ್ಟೆಯನ್ನು ಖಾಲಿ ವಾಪಸ್ ಕಳಿಸುವಂತಿಲ್ಲ. ಏನಿಲ್ಲದಿದ್ದರೆ ನಾಲ್ಕು ನಿಂಬೆಹಣ್ಣಾದರೂ ಇಟ್ಟು ಕಳಿಸಬೇಕು. ಮದುವೆಗೆ ಮುಂಚೆ ಅಜ್ಜಿ ಮೂರು ಕಿಲೋ ಸಕ್ಕರೆ ಬಿಸ್ಕತ್ತು ಕಳಿಸಿದ್ದಳು. ಈಗ ಇವರು ಖಾಲಿ ಡಿಸ್ಕ್ ಕಳಿಸಿದ್ದಾರೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಡಿಸ್ಕನ್ನು ಬುಟ್ಟಿಯಲ್ಲಿಟ್ಟು, ಅದರ ಮೇಲೆ ಒಂದು ಹಿಡಿ ಹುರಿಗಡಲೆ ಸುರಿದು ವಾಪಸ್ ಕಳಿಸಿದಳು. ಜೊತೆಗೆ ಒಂದು ಮಾತು: ‘ನಮ್ಮ ಮನೆಯಿಂದ ಯಾವತ್ತೂ ಏನೂ ಖಾಲಿ ಹೋಗಿಲ್ಲ ಅಂತ ಹೇಳಿ.’

ಆ ಬುಟ್ಟಿ ನನ್ನ ಕಿಟಕಿಯ ಮುಂದೆ ಏರಿಹೋದಾಗ ನಾನು ಚಹಾ ಕೆಳಗಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

ಮೇಲೆ ಸಾಹೇಬರು ಹುರಿಗಡಲೆ ಕೊಡವಿ ತಮ್ಮ ಡ್ರೈವಿಗೆ ಡಿಸ್ಕ್ ಹಾಕಿದರು. ಮದುವೆ ಶುರುವಾಯಿತು: ಡೋಲು, ತುತ್ತೂರಿ, ಗೋರಂಟಿ ಹಚ್ಚಿದ ಕೈಗಳು. ಮೆತ್ವಲ್ಲಿ ಅಷ್ಟನ್ನು ಕಣ್ಣಾರೆ ನೋಡಿದ್ದೇ ತಡ, ಮುದುಕಿ ಸುಳ್ಳು ಹೇಳ್ತಾಳೆ ಎಂದು ಬೀದಿಗಿಳಿದರು. ಡಿಸ್ಕ್ ಕಾಫಿ ಅಂಗಡಿಯ ಕಂಪ್ಯೂಟರಿಗೆ ಹೋಯಿತು, ಖಾಲಿ. ಕ್ಷೌರಿಕನ ಅಂಗಡಿಯ ಪ್ಲೇಯರಿಗೆ ಹೋಯಿತು, ಖಾಲಿ. ಫಿಕ್ರಿ ಸಾಹೇಬರ ಮನೆಗೆ ಬಂತು, ತುಂಬಿ ತುಳುಕುತ್ತಿದೆ. ಸಂಜೆಯೊಳಗೆ ಗಲ್ಲಿಯಲ್ಲಿ ಎರಡು ಪಕ್ಷಗಳಾದವು, ‘ಖಾಲಿ’ ಅನ್ನುವವರದ್ದೊಂದು, ‘ತುಂಬಿದೆ’ ಅನ್ನುವವರದ್ದೊಂದು. ಮೂವತ್ತು ವರ್ಷ ಒಂದೇ ಹುಕ್ಕಾ ಹಂಚಿಕೊಂಡವರು ಮುಖ ತಿರುಗಿಸಿ ಕೂತರು.

ಮೊದಲು ಬಂದ ಸಂಶಯ ದೃಷ್ಟಿಯದ್ದೇ. ಇಂಥ ಅದ್ದೂರಿ ಮದುವೆಗೆ ಯಾರ ಕಣ್ಣು ಬಿತ್ತೋ ಏನೋ ಎಂದು ಮೆತ್ವಲ್ಲಿಯ ಹೆಂಡತಿ ಡಿಸ್ಕನ್ನು ಏಳು ಸಲ ಸಾಂಬ್ರಾಣಿ ಹೊಗೆಯ ಮೇಲೆ ಆಡಿಸಿದಳು. ಅಷ್ಟು ಸಾಲದೆಂದು ಒಂದು ನೀಲಿ ಮಣಿಯನ್ನು ಗೋಂದು ಹಚ್ಚಿ ಅಂಟಿಸಿದಳು. ಆ ಮಣಿಯ ಸಮೇತ ಡಿಸ್ಕ್ ತಿರುಗಿದಾಗ ಸಾಹೇಬರ ಡ್ರೈವ್ ಹಿಟ್ಟಿನ ಗಿರಣಿಯ ಹಾಗೆ ಗರ್ಜಿಸಿ, ಮೇಜಿನ ಮೇಲೆ ಒಂದು ಗೇಣು ನಡೆದು, ದಾರದ ಕವಚವನ್ನು ಎಳೆದುಕೊಂಡು ನೆಲದ ಕಡೆ ಹೊರಟಿತು. ಇನ್ಶಿರಾಹ್ ಹಿಡಿದುಕೊಂಡಳು. ಮಣಿ ಬಿಡಿಸಲು ಅವಳ ಉಗುರು ಬಣ್ಣ ತೆಗೆಯುವ ದ್ರವ, ನನ್ನ ಗಡ್ಡದ ಬ್ಲೇಡು ಮತ್ತು ಮುಕ್ಕಾಲು ಗಂಟೆ ಬೇಕಾಯಿತು. ಆ ಮುಕ್ಕಾಲು ಗಂಟೆ ರಬಾಬ್ ಬಾಗಿಲಲ್ಲಿ ನಿಂತು ಬೆರಳು ಕಚ್ಚುತ್ತಿದ್ದಳು.

ಗುರುವಾರ ಸಾಹೇಬರು ಬೇರೆ ದಾರಿ ಕಾಣದೆ ನನ್ನನ್ನು ಕರೆದುಕೊಂಡು ಸ್ಟೇಷನ್ ಹಿಂದಿನ ಮೇಡಂ ಇರೀನಿಯ ಹತ್ತಿರ ಹೋದರು. ಟೇಪ್ ರೆಕಾರ್ಡರುಗಳ ಕಾಲದಿಂದ ರಿಪೇರಿ ಮಾಡುತ್ತಿರುವ ಹೆಂಗಸು, ಮಾತು ಕಡಿಮೆ. ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಸಲ ಮೂಸಿಯೂ ನೋಡಿದಳು, ಸಾಂಬ್ರಾಣಿಯ ವಾಸನೆಗೆ.

‘ಡಿಸ್ಕ್ ಮುಚ್ಚಿಲ್ಲ ನೀವು,’ ಅಂದಳು. ‘ನಿಮ್ಮ ಕಚೇರಿಯ ಹಾಗೇ ಅಂದ್ಕೊಳ್ಳಿ. ಕಾಗದಗಳೆಲ್ಲ ಬೀರುವಿನಲ್ಲಿವೆ. ಯಾವುದು ಎಲ್ಲಿದೆ ಅನ್ನೋ ರಿಜಿಸ್ಟರ್‌ಗೆ ಮಾತ್ರ ಸಹಿ ಬಿದ್ದಿಲ್ಲ. ಇಟ್ಟ ಗುಮಾಸ್ತನಿಗೆ ಗೊತ್ತು ಎಲ್ಲಿದೆ ಅಂತ, ಅವನು ತೆಗೆದು ತೋರಿಸ್ತಾನೆ. ಹೊಸಬ ಬಂದ್ರೆ ರಿಜಿಸ್ಟರ್ ಹುಡುಕ್ತಾನೆ, ಕಾಣಲ್ಲ, ಕಚೇರಿ ಖಾಲಿ ಅಂತಾನೆ. ಫೈಲ್ ಸಿಸ್ಟಮ್ ಅಂದ್ರೆ ಆ ರಿಜಿಸ್ಟರೇ. ಬರೆದ ಡ್ರೈವಿನಲ್ಲೇ ಹಾಕಿ, ಮುಚ್ಚು ಅನ್ನೋದನ್ನ ಒತ್ತಿ, ಎರಡು ನಿಮಿಷ. ಆಮೇಲೆ ಅದು ಎಲ್ಲಿ ಬೇಕಾದ್ರೂ ಓಡುತ್ತೆ, ಪ್ಲಸ್ಸಿಗೂ ಮೈನಸ್ಸಿಗೂ ಸಂಬಂಧವಿಲ್ಲ.’

‘ಗೊತ್ತು, ಗೊತ್ತು,’ ಅಂದರು ಸಾಹೇಬರು.

ದಾರಿಯುದ್ದಕ್ಕೂ ಅವರು ನನಗೆ ಅದನ್ನೇ ಇರೀನಿಗಿಂತ ಚೆನ್ನಾಗಿ ವಿವರಿಸಿದರು. ಮನೆಗೆ ಬಂದು ಡ್ರೈವ್ ಜೋಡಿಸಿ, ಎದೆ ಸೆಟೆಸಿ, ಮುಚ್ಚು ಎಂಬುದನ್ನು ಒತ್ತಿದರು. ಲ್ಯಾಪ್‌ಟಾಪ್ ಒಂದು ಪ್ರಶ್ನೆ ಕೇಳಿತು: ಮುಚ್ಚಿದ ಮೇಲೆ ಇದರಲ್ಲಿ ಯಾವ ಬದಲಾವಣೆಯೂ ಸಾಧ್ಯವಿಲ್ಲ. ಒಪ್ಪಿಗೆಯೇ?

ಸಾಹೇಬರ ಬೆರಳು ಗಾಳಿಯಲ್ಲಿ ನಿಂತಿತು. ನಾನು ಮತ್ತು ಇನ್ಶಿರಾಹ್ ಅವರ ಎರಡು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೆವು. ಅವರು ನಿಧಾನವಾಗಿ ‘ಇಲ್ಲ’ ಒತ್ತಿ, ಕುರ್ಚಿಗೆ ಒರಗಿದರು.

ಇನ್ಶಿರಾಹ್ ಗಂಡನನ್ನೇ ನೋಡಿದಳು. ‘ಮೊದಲ ಸಲ ಬರೆದಾಗಲೂ ಇದನ್ನೇ ಕೇಳಿತ್ತಾ?’

‘ಕೇಳಿತ್ತು.’

‘ನೀವು ಇದನ್ನೇ ಒತ್ತಿದ್ರಾ?’

‘ಅಂತಿಮ ಅಂತ ಬರೆದಿರೋದಕ್ಕೆ ಯಾರಾದ್ರೂ ಸುಮ್ನೆ ಸಹಿ ಹಾಕ್ತಾರೇನೇ?’ ಅಂದರು ಸಾಹೇಬರು, ನೊಂದ ದನಿಯಲ್ಲಿ. ‘ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಇರೋದು ಒಂದೇ ಪ್ರತಿ. ಯಾರು ಹೊಣೆ?’

ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಅಗತ್ಯಕ್ಕಿಂತ ಜೋರಾಗಿ ತೊಳೆದಳು. ಆಮೇಲೆ ಹೊರಗೆ ಬಂದು, ಮುಚ್ಚೋಕಾಗದಿದ್ರೆ ಲ್ಯಾಪ್‌ಟಾಪು ಡ್ರೈವು ಎರಡನ್ನೂ ಹೊತ್ತುಕೊಂಡು ಎದುರು ಮನೆಗೆ ಹೋಗಿ ತೋರಿಸಿ ಬನ್ನಿ ಅಂದಳು. ಎಂಥ ಸರಳ ಉಪಾಯ. ಆದರೆ ಸಾಹೇಬರು ತಲೆ ಅಲ್ಲಾಡಿಸಿದರು. ಮೂಲ ದಾಖಲೆ ಕಚೇರಿ ಬಿಟ್ಟು ಹೋಗುವಂತಿಲ್ಲ, ಬೇಕಾದವರು ಬಂದು ನೋಡಬೇಕು, ಒಂದು ಸಲ ನಿಯಮ ಮೀರಿ ಬುಟ್ಟಿಯಲ್ಲಿ ಕಳಿಸಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಅಂದರು.

ಹೀಗಾಗಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸಾಹೇಬರ ಮನೆಯಲ್ಲಿ ಪಂಚಾಯಿತಿ ಸೇರುವುದೆಂದು ಗೊತ್ತಾಯಿತು. ಮಧ್ಯಸ್ಥಿಕೆಗೆ ಈ ಮದುವೆಯ ನಿಕಾಹ್ ಪತ್ರ ಬರೆದ ಶೇಖ್ ಅಬ್ದುಲ್ ಬರ್ರ್ ಬಂದರು. ತಾವು ಬರೆದ ಮದುವೆಗಳಲ್ಲಿ ಒಂದೂ ಮುರಿದಿಲ್ಲ ಎಂಬುದು ಆ ಮನುಷ್ಯನ ಹೆಗ್ಗಳಿಕೆ. ಒಂದು ವಾರದಿಂದ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು. ಎರಡು ಕಡೆಯವರೂ ಒಟ್ಟಿಗೆ ಕೂರುವ ತನಕ ಯಾರೂ ಮುಂದಿನ ಭಾಗ ನೋಡಕೂಡದೆಂದು ಅವರೇ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು.

ಲಿಫ್ಟ್ ಇಲ್ಲದ ಐದು ಮಹಡಿ. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತು ತಂದರು. ಮುಂದಿನ ಕಾಲು ಸಾಮೆಹ್ ಹಿಡಿದ. ಹಿಂದಿನ ಕಾಲು ಹಿಡಿಯಲು ಬೇರೆ ಯಾರೂ ಗಟ್ಟಿ ಆಳು ಸಿಗದೆ ಹಾಜಿ ಮೆತ್ವಲ್ಲಿಯೇ ಹಿಡಿಯಬೇಕಾಯಿತು. ಅಜ್ಜಿ ಅವರ ಜೊತೆ ಮಾತು ಬಿಟ್ಟಿದ್ದಳಾದ್ದರಿಂದ ಮೊಮ್ಮಗನ ಮೂಲಕ, ಹಿಂದಿನ ಹಮಾಲಿಗೆ ಹೇಳು, ಕುರ್ಚಿ ಎಡಕ್ಕೆ ವಾಲ್ತಿದೆ ಎನ್ನುತ್ತಿದ್ದಳು. ಮೆತ್ವಲ್ಲಿ ಏದುಸಿರು ಬಿಡುತ್ತ, ನಿಮ್ಮಜ್ಜಿಗೆ ಹೇಳಪ್ಪಾ, ಹುರಿಗಡಲೆ ಸ್ವಲ್ಪ ಕಡಿಮೆ ತಿನ್ನೋಕೆ ಎನ್ನುತ್ತಿದ್ದರು. ನನ್ನ ಮನೆಯ ಬಾಗಿಲಲ್ಲಿ ಐದು ನಿಮಿಷ ವಿಶ್ರಾಂತಿ, ನೀರು. ಹಿಂದೆ ಗಲ್ಲಿಯ ಎರಡೂ ಪಕ್ಷಗಳು ಮೆಟ್ಟಿಲು ತುಂಬಿಕೊಂಡು ಬಂದವು.

ಮೇಜಿನ ಮೇಲೆ ದಾರದ ಕವಚ ಸರಿಸಿ ಸಾಹೇಬರು ಡಿಸ್ಕ್ ಹಾಕಿದರು. ಇಪ್ಪತ್ತಮೂರು ತಲೆಗಳು ಒಂದು ಪರದೆಯ ಮುಂದೆ. ಒಂದು ಮೂಲೆಯಲ್ಲಿ ರಬಾಬ್, ಎದುರು ಮೂಲೆಯಲ್ಲಿ ಸಾಮೆಹ್, ಇಬ್ಬರೂ ಪರದೆ ಬಿಟ್ಟು ಬೇರೆಡೆ ನೋಡುತ್ತಿದ್ದರು. ಡೋಲು, ತುತ್ತೂರಿ, ಗೋರಂಟಿ. ಊಟ. ಹೆಂಗಸರು ನಾಲಗೆ ಆಡಿಸಿ ಹಾಕುವ ಉಲುಲು ಕೇಕೆ. ಒಂದೂಕಾಲು ಗಂಟೆ ಕಳೆದ ಮೇಲೆ ಕ್ಯಾಮರಾ ಡೇರೆಯ ಬಾಗಿಲಿಗೆ ತಿರುಗಿತು. ಕಪ್ಪು ಬಟ್ಟೆಯಲ್ಲಿ ಅಜ್ಜಿ, ಕೋಲೂರಿಕೊಂಡು ಬರುತ್ತಿದ್ದಾಳೆ.

‘ಬಂತು,’ ಅಂದರು ಶೇಖರು.

ಅಜ್ಜಿ ಒಂದು ಹೆಜ್ಜೆ ಇಟ್ಟಳು, ಎರಡು ಹೆಜ್ಜೆ ಇಟ್ಟಳು. ಆಗ ಪರದೆಯ ಬಲಗಡೆಯಿಂದ ಕಂದು ಬಣ್ಣದ ಏನೋ ಒಂದು ಬಂದು ಇಡೀ ಚಿತ್ರವನ್ನು ತುಂಬಿತು. ಬಿಳಿ ಗೆರೆಗಳ ಕಂದು ಬಟ್ಟೆ. ಅದು ಅಲ್ಲಾಡಲಿಲ್ಲ. ಬೆನ್ನು. ಒಂದು ವಿಶಾಲವಾದ, ಸರ್ಕಾರಿ ನೌಕರಿಯಲ್ಲಿ ಬೆಳೆದ ಬೆನ್ನು. ನಾವೆಲ್ಲ ಒಮ್ಮೆ ಪರದೆಯ ಕೋಟನ್ನು ನೋಡಿ, ಆಮೇಲೆ ಫಿಕ್ರಿ ಸಾಹೇಬರ ಮೈಮೇಲಿದ್ದ ಕೋಟನ್ನು ನೋಡಿದೆವು. ಒಂದೇ ಕೋಟು. ಶುಕ್ರವಾರವೆಂದು ಅದನ್ನೇ ಹಾಕಿಕೊಂಡಿದ್ದರು.

ಬೆನ್ನಿನ ಬಲ ಭುಜದ ಮೇಲೆ ಒಂದು ಟೋಪಿ ಮೇಲೆದ್ದು ಬಂತು, ಹಾಜಿ ಮೆತ್ವಲ್ಲಿಯ ಟೋಪಿ. ಅವರು ಎದ್ದು ನಿಂತಿದ್ದರು, ಸಂದೇಹವೇ ಬೇಡ. ಅವರ ಉಂಗುರದ ಕೈ ಮುಂದೆ ಚಾಚಿತು. ಬೆನ್ನಿನ ಎಡ ಕಂಕುಳ ಕೆಳಗೆ ಅಜ್ಜಿಯ ಕೋಲಿನ ತುದಿ ಬಂದು ನಿಂತಿತು. ಚಾಚಿದ ಕೈ ಬೆನ್ನಿನ ಆಚೆ ಹೋಗಲು ದಾರಿ ಹುಡುಕಿತು, ಸಿಗಲಿಲ್ಲ. ಕೋಲು ಎಡಕ್ಕೆ ಸರಿಯಿತು, ಬೆನ್ನೂ ಎಡಕ್ಕೆ ಸರಿಯಿತು. ಕೋಲು ಬಲಕ್ಕೆ ಬಂತು, ಬೆನ್ನೂ ಬಲಕ್ಕೆ ಬಂತು. ಕೊನೆಗೆ ಕೋಲು ಬೇಸತ್ತು ಹೊರಟುಹೋಯಿತು. ಕೈ ಇನ್ನೂ ಸ್ವಲ್ಪ ಹೊತ್ತು ಚಾಚಿಕೊಂಡೇ ಇದ್ದು, ಪಾಪ, ಕೆಳಗಿಳಿಯಿತು.

ಇಷ್ಟೂ ಹೊತ್ತು ಆ ಬೆನ್ನಿನ ಧ್ವನಿ, ಡೋಲಿಗಿಂತ ಸ್ಪಷ್ಟವಾಗಿ, ಚಿತ್ರ ತೆಗೆಯುವವನ ಸಹಾಯಕನಿಗೆ ಪಾಠ ಮಾಡುತ್ತಿತ್ತು: ‘ಡಿಸ್ಕಿಗೆ ಬರೆಯೋದು ದೊಡ್ಡದಲ್ಲಪ್ಪಾ, ಯಾರು ಬೇಕಾದ್ರೂ ಬರೀತಾರೆ. ಕೊನೆಗೆ ಮುಚ್ಚಬೇಕು. ಮುಚ್ಚದಿದ್ರೆ ಬೇರೆ ಕಡೆ ಖಾಲಿ ಅಂತ ತೋರಿಸುತ್ತೆ. ಮುಚ್ಚದೆ ಬಿಡೋನಿಗಿಂತ ದೊಡ್ಡ ಕತ್ತೆ ಇನ್ನೊಬ್ಬನಿಲ್ಲ.’

ಮೊದಲು ಕೇಳಿಸಿದ್ದು ಒಂದು ಸಣ್ಣ ಸಿಳ್ಳೆಯಂಥ ಶಬ್ದ. ತೌಹೀದಜ್ಜಿ ನಗುತ್ತಿದ್ದಳು. ಹಲ್ಲಿನ ಸೆಟ್ಟು ಕೈಗೆ ತೆಗೆದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ಮೆತ್ವಲ್ಲಿ ಗೋಡೆ ಹಿಡಿದು ನಗುತ್ತ ಕುಸಿದರು. ಖಾಲಿ ಪಕ್ಷದವರೂ ತುಂಬಿದ ಪಕ್ಷದವರೂ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ಶೇಖರು ನಗುತ್ತಲೇ ಅಳುತ್ತಿದ್ದರು, ತಮ್ಮ ದಾಖಲೆ ಉಳಿಯಿತೆಂದು.

ಅಜ್ಜಿ ಹಲ್ಲು ಹಾಕಿಕೊಂಡು ಮೆತ್ವಲ್ಲಿಯ ಕಡೆ ಕೈ ಚಾಚಿದಳು. ‘ನೀನು ಎದ್ದಿದ್ದೆ ಕಣಪ್ಪಾ, ಒಪ್ಪಿದೆ. ನಾನು ಇವನ ಬೆನ್ನನ್ನೇ ಡೇರೆಯ ಗೋಡೆ ಅಂದ್ಕೊಂಡಿದ್ದೆ.’

ಮೆತ್ವಲ್ಲಿ ಆ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಹಮಾಲಿಯ ಕೂಲಿ ಸಂದಾಯವಾಯಿತಲ್ಲ ಅಜ್ಜಿ ಅಂದರು.

‘ರಬಾಬ್, ಚಹಾ ಮಾಡು,’ ಅಂದಳು ಅಜ್ಜಿ. ‘ಮಾಡಿ, ನಿನ್ನ ಗಂಟು ತಗೊಂಡು ಬಾ. ಇನ್ನು ಮೂರು ದಿನಕ್ಕೆ ಹುಡುಗ ಹೊರಡ್ತಾನೆ.’ ರಬಾಬ್ ಅಡುಗೆಮನೆಗೆ ಓಡಿದಳು. ಸಕ್ಕರೆ ಡಬ್ಬ ಎಲ್ಲಿದೆ ಎಂದು ತೋರಿಸುವ ನೆಪದಲ್ಲಿ ಸಾಮೆಹನೂ ಓಡಿದ. ಅವನು ಆ ಮನೆಯ ಅಡುಗೆಮನೆಗೆ ಹುಟ್ಟಿದಾಗಿನಿಂದ ಕಾಲಿಟ್ಟವನಲ್ಲ.

ಆಮೇಲೆ ಅಜ್ಜಿ ಕೋಲನ್ನು ಫಿಕ್ರಿ ಸಾಹೇಬರ ಕಡೆ ತಿರುಗಿಸಿದಳು. ‘ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮುಚ್ಚು ಅದನ್ನ. ನನ್ನ ಮೊಮ್ಮಗ ಕುವೈತಿಗೆ ತಗೊಂಡು ಹೋಗ್ತಾನೆ.’

‘ಮುಚ್ಚಿದ್ರೆ ಆಮೇಲೆ ಬದಲಾಯಿಸೋಕೆ ಬರಲ್ಲ ಅಜ್ಜಿ,’ ಅಂದರು ಸಾಹೇಬರು ಕ್ಷೀಣವಾಗಿ.

‘ಏನು ಬದಲಾಯಿಸ್ತೀಯಾ, ನಿನ್ನ ಬೆನ್ನನ್ನಾ?’

ಸಾಹೇಬರು ಕೊನೆಯ ಷರತ್ತು ಹಾಕಿದರು. ಬರವಣಿಗೆಯಲ್ಲಿ ಬೇಕು. ಶೇಖರು ಮದುವೆ ಬರೆಯುವ ಪೆನ್ನನ್ನೇ ತೆಗೆದು, ಈ ಡಿಸ್ಕನ್ನು ಉಭಯ ಪಕ್ಷಗಳ ಒಪ್ಪಿಗೆಯಂತೆ ಮುಚ್ಚಲಾಗುತ್ತಿದೆ, ಇದಕ್ಕೆ ಫಿಕ್ರಿಯವರು ಹೊಣೆಯಲ್ಲ ಎಂದು ಬರೆದರು. ಸಾಕ್ಷಿಗೆ ನಾನೂ ಕ್ಷೌರಿಕನೂ ಸಹಿ ಹಾಕಿದೆವು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಆಗ ಸಾಹೇಬರು ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ‘ಹೌದು’ ಒತ್ತಿದರು. ಹೆಂಗಸರು ಉಲುಲು ಹಾಕಿದರು, ಮದುವೆಯ ದಿನಕ್ಕಿಂತ ಜೋರಾಗಿ.

ಎರಡು ವಾರದ ಮೇಲೆ ನಾನು ಸಾಹೇಬರ ಮನೆಯಲ್ಲಿ ಕೂತಿದ್ದಾಗ ಕುವೈತಿನಿಂದ ಸಾಮೆಹನ ಫೋನ್ ಬಂತು. ಸಾಹೇಬರು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಡಿಸ್ಕ್ ಓಡ್ತಿದೆಯಾ ಎಂದು ಕೇಳಿದರು.

‘ಎಲ್ಲರ ಮೆಷೀನಲ್ಲೂ ಓಡ್ತಿದೆ ಮಾವ,’ ಅಂದ ಸಾಮೆಹ್. ‘ನಮ್ಮ ಕ್ಯಾಂಪಿನವರೆಲ್ಲ ನೋಡಿದ್ರು. ಒಂದೇ ಪ್ರಶ್ನೆ ಕೇಳ್ತಾರೆ.’

‘ಫೈಲ್ ಸಿಸ್ಟಮ್ ಬಗ್ಗೆ ತಾನೇ? ಕೇಳಲಿ, ಕೇಳಲಿ.’

‘ಅಲ್ಲ ಮಾವ. ಮದುವೆ ಯಾರದ್ದು, ಆ ಗೆರೆ ಕೋಟಿನವರದ್ದಾ ಅಂತ.’